ಸಭೆಯ ಸ್ತ್ರೀ ಸಂಘ ಊರಿನ ಸೇವೆಗೆ ಇಳಿಯುವಾಗ: ಶುರು ಮಾಡೋದು ಹೇಗೆ, ನಿಲ್ಲದಂತೆ ನಡೆಸೋದು ಹೇಗೆ

ಕ್ರಿಸ್‌ಮಸ್ ಹತ್ತಿರ ಬಂದಾಗ ನಮ್ಮ ಸಭೆಗಳ (ಚರ್ಚುಗಳ) ಸ್ತ್ರೀ ಸಂಘಗಳಿಗೆ ಬಿಡುವೇ ಇರುವುದಿಲ್ಲ. ವೃದ್ಧಾಶ್ರಮಕ್ಕೆ ಹೋಗಿ ಹಾಡುತ್ತೇವೆ. ಸರ್ಕಾರಿ ಆಸ್ಪತ್ರೆಯಲ್ಲಿ ಹಣ್ಣು, ಬ್ರೆಡ್ಡು ಹಂಚುತ್ತೇವೆ. ಕಂಬಳಿ ಕೊಡುತ್ತೇವೆ. ಒಳ್ಳೆಯದೇ. ಆದರೆ ಆ ಕಂಬಳಿ ತಗೊಂಡ ಅಜ್ಜಿ ಫೆಬ್ರವರಿಯಲ್ಲಿ ಹೇಗಿದ್ದಾರೆ? ಮಳೆಗಾಲದಲ್ಲಿ ಹೇಗಿದ್ದಾರೆ? ಹೆಚ್ಚಿನ ಸಂಘಗಳಿಗೆ ಗೊತ್ತಿರುವುದಿಲ್ಲ. ಈ ಬರಹ ಉಳಿದ ಹನ್ನೊಂದು ತಿಂಗಳ ಬಗ್ಗೆ. ಹತ್ತು ಹದಿನೈದು ಹೆಂಗಸರಿರುವ ಸಾಧಾರಣ ಸಂಘವೊಂದು, ದೊಡ್ಡ ದುಡ್ಡಿಲ್ಲದೆ, ತನ್ನ ಊರಲ್ಲೇ ವರ್ಷವಿಡೀ ಮಾಡಬಹುದಾದ ಕೆಲಸವನ್ನು ಹೇಗೆ ಕಟ್ಟಬೇಕು ಅಂತ ಒಂದೊಂದಾಗಿ ಹೇಳುತ್ತೇನೆ.

ಇದೇನೂ ಹೊಸ ಕೆಲಸವಲ್ಲ. ಬೈಬಲಿನಲ್ಲಿ ಬರುವ ಯೊಪ್ಪ ಊರಿನ ತಬಿಥಾ ತೀರಿಕೊಂಡಾಗ ವಿಧವೆಯರು ಅಳುತ್ತಾ ಬಂದು, ಅವಳು ಹೊಲಿದುಕೊಟ್ಟಿದ್ದ ಅಂಗಿಗಳನ್ನು ಯೇಸುವಿನ ಶಿಷ್ಯ ಪೇತ್ರನಿಗೆ ತೋರಿಸಿದರು. ಒಂದು ದಿನ ಬಂದು ಹಂಚಿ ಹೋದವಳಿಗಾಗಿ ಯಾರೂ ಹಾಗೆ ಅಳುವುದಿಲ್ಲ. ನಮ್ಮ ಕಡೆಯೂ ಅಷ್ಟೇ. ಬಳ್ಳಾರಿಗೆ 1810ರಲ್ಲಿ ಲಂಡನ್ ಮಿಷನ್ ಬಂತು, ಮಂಗಳೂರಿಗೆ 1834ರಲ್ಲಿ ಬಾಸೆಲ್ ಮಿಷನ್ ಬಂತು ಅಂತ ನಾವು ಓದುತ್ತೇವೆ. ಮುಂದೆ ಆ ಮಿಷನ್‌ಗಳ ಕಾಲದಲ್ಲಿ ಮನೆಮನೆಗೆ ನಡೆದುಹೋದವರು ‘ಬೈಬಲ್ ವುಮನ್’ ಅಂತ ಕರೆಸಿಕೊಂಡ ನಮ್ಮ ನಾಡಿನ ಹೆಂಗಸರು. ಹೊಸಿಲು ದಾಟಲಾಗದ ಹೆಣ್ಣುಮಕ್ಕಳ ಪಕ್ಕ ಕೂತು ಓದು, ಹೊಲಿಗೆ ಕಲಿಸಿದವರು. ಅವರ ಹೆಸರುಗಳು ಹಳೇ ವರದಿಗಳಲ್ಲಿ ಹೆಚ್ಚಾಗಿ ಸಿಗುವುದಿಲ್ಲ. ಆದರೆ ಅವರು ಹೋದ ದಾರಿ ನಮ್ಮೆದುರಿಗಿದೆ.

ಮೊದಲು ಕೇಳಿ ತಿಳಿದುಕೊಳ್ಳಿ

ಕಮಿಟಿಯಲ್ಲಿ ಕೂತು ‘ಏನು ಕೊಡೋಣ’ ಅಂತ ಚರ್ಚೆ ಶುರು ಮಾಡಬೇಡಿ. ಇಬ್ಬರು ಎದ್ದು ಆಶಾ ಕಾರ್ಯಕರ್ತೆಯ ಹತ್ತಿರ ಹೋಗಿ. ಚರ್ಚಿನ ಸುತ್ತಮುತ್ತಲಿನ ಬೀದಿಗಳಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಯಾವ ಮನೆಯಲ್ಲಿ ಒಬ್ಬರೇ ಅಜ್ಜಿ ಇದ್ದಾರೆ, ಯಾರಿಗೆ ಮಾತ್ರೆ ತರಲು ಜನ ಇಲ್ಲ, ಎಲ್ಲ ಅವರಿಗೆ ಗೊತ್ತಿರುತ್ತದೆ. ಆಮೇಲೆ ಅಂಗನವಾಡಿ ಟೀಚರ್, ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್, ಸರ್ಕಾರಿ ಶಾಲೆಯ ಹೆಡ್ ಟೀಚರ್ ಹತ್ತಿರ ಮಾತಾಡಿ. ಎಲ್ಲರಿಗೂ ಎರಡೇ ಪ್ರಶ್ನೆ: ಇಲ್ಲಿ ಯಾರಿಗೆ ಯಾರೂ ಇಲ್ಲ? ನಿಮ್ಮ ಕೈಲಿ ಆಗದೆ ಉಳಿದಿರುವ ಕೆಲಸ ಯಾವುದು?

ಈ ಹಂತಕ್ಕೆ ಒಂದು ತಿಂಗಳು ಹಿಡಿದರೂ ಹಿಡಿಯಲಿ. ಏನೂ ಹಂಚದೆ ಒಂದು ತಿಂಗಳು ಸುಮ್ನೆ ಕೇಳಿಸಿಕೊಂಡ ಸಂಘಕ್ಕೆ ಮುಂದಿನ ಎಲ್ಲ ಕೆಲಸ ಹಗುರವಾಗುತ್ತದೆ.

ಒಂದೇ ಕೆಲಸ ಆರಿಸಿಕೊಳ್ಳಿ

ಹೊಲಿಗೆ ತರಗತಿ, ಮಕ್ಕಳ ಟ್ಯೂಷನ್, ಆಸ್ಪತ್ರೆ ಭೇಟಿ, ಹಳ್ಳಿ ಸುವಾರ್ತೆ, ವೈದ್ಯಕೀಯ ಶಿಬಿರ ಎಲ್ಲವನ್ನೂ ವರ್ಷದ ಪಟ್ಟಿಗೆ ಹಾಕಿದರೆ ಒಂದೂ ನಿಲ್ಲುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಹೊಸದಾಗಿ ಶುರು ಮಾಡುವವರು ಮನೆಯಲ್ಲೇ ಉಳಿದುಹೋದ ವೃದ್ಧರು ಮತ್ತು ಹಾಸಿಗೆ ಹಿಡಿದವರನ್ನು ಆರಿಸಿಕೊಳ್ಳಿ. ಇದಕ್ಕೆ ಕಟ್ಟಡ ಬೇಡ, ದೊಡ್ಡ ಮೊತ್ತ ಬೇಡ. ಬೇಕಿರುವುದು ಸಮಯ ಮತ್ತು ಕೈಗಳು. ಅವೆರಡೂ ಸ್ತ್ರೀ ಸಂಘದಲ್ಲಿ ಇರುತ್ತವೆ. ಕೇರಳದಲ್ಲಿ ಅಕ್ಕಪಕ್ಕದ ಸಾಮಾನ್ಯ ಜನರೇ ತರಬೇತಿ ಪಡೆದು ಊರೂರಲ್ಲಿ ಇಂಥ ಆರೈಕೆ ನಡೆಸುತ್ತಿದ್ದಾರೆ. ನಮಗೂ ಅಸಾಧ್ಯವೇನಲ್ಲ.

ಮೊದಲ ವರ್ಷ ನಾಲ್ಕೈದು ಮನೆ ಸಾಕು. ನಡೆದು ಹೋಗುವಷ್ಟು ದೂರದಲ್ಲಿ ಇರಲಿ. ಆಟೋ ಬೇಕಾದ ಮನೆ ಮಳೆ ಬಂದ ದಿನ ತಪ್ಪಿಹೋಗುತ್ತದೆ.

ತಂಡ ಕಟ್ಟುವುದು

ಅಯ್ಯನವರಿಗೆ (ಪಾಸ್ಟರಿಗೆ) ಹೇಳಿ, ಸಭಾ ಕಮಿಟಿಯಲ್ಲಿ ವಿಷಯ ಇಟ್ಟು ಒಪ್ಪಿಗೆ ಬರೆಸಿಕೊಳ್ಳಿ. ಮುಂದೆ ಯಾರಾದರೂ ಪ್ರಶ್ನೆ ಮಾಡಿದರೆ ಆ ನಿರ್ಣಯದ ಪ್ರತಿ ಬೇಕಾಗುತ್ತದೆ.

ಯಾವ ಮನೆಗೂ ಒಬ್ಬರೇ ಹೋಗುವುದು ಬೇಡ. ಇಬ್ಬಿಬ್ಬರ ಜೋಡಿ ಮಾಡಿ, ವಾರಕ್ಕೊಂದು ದಿನ, ಅದೇ ಮನೆ, ಅದೇ ಜೋಡಿ. ಮುಖ ಬದಲಾಗುತ್ತಾ ಹೋದರೆ ಹಾಸಿಗೆಯಲ್ಲಿರುವವರಿಗೆ ಮುಜುಗರ. ಸಭೆಯಲ್ಲಿ ಯಾರಿದ್ದಾರೆ ಅಂತ ಒಮ್ಮೆ ನೋಡಿ. ರಿಟೈರ್ ಆದ ನರ್ಸ್ ಒಬ್ಬರೂ ಇಲ್ಲದ ಸಭೆ ನಮ್ಮಲ್ಲಿ ಅಪರೂಪ ಅಲ್ವಾ? ಅವರನ್ನು ವೇದಿಕೆಯಲ್ಲಿ ಸನ್ಮಾನಿಸಿ ಕಳಿಸುವ ಬದಲು ಈ ತಂಡದ ಗುರುವಾಗಿ ಕೂರಿಸಿ. ರಿಟೈರ್ ಆದ ಟೀಚರ್‌ಗಳಿಗೆ ಅರ್ಜಿ, ಕಾಗದಪತ್ರದ ಕೆಲಸ ಕೊಡಿ. ಓದು ಬರಹ ಬಾರದವರು ಅಂತ ಹಿಂದೆ ಕೂರುವ ಹೆಂಗಸರೇ ಮನೆಭೇಟಿಯಲ್ಲಿ ಎಲ್ಲರಿಗಿಂತ ಮುಂದಿರುತ್ತಾರೆ. ಇನ್ನೊಬ್ಬರ ಮನೆಯಲ್ಲಿ ಸಂಕೋಚವಿಲ್ಲದೆ ಪಾತ್ರೆ ತೊಳೆದಿಡುವ ಗುಣ ಯಾವ ತರಬೇತಿಯಿಂದಲೂ ಬರುವುದಿಲ್ಲ.

ನರ್ಸ್ ಇಲ್ಲದಿದ್ದರೆ ಹತ್ತಿರದ ಮಿಷನ್ ಆಸ್ಪತ್ರೆಯನ್ನು ಕೇಳಿ. ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸುವುದು, ಮೈ ಒರೆಸುವುದು, ಊಟ ಮಾಡಿಸುವುದನ್ನು ತೋರಿಸಿಕೊಡಲು ಒಂದು ಮಧ್ಯಾಹ್ನ ಸಾಕು.

ಆ ಮನೆಯೊಳಗೆ

ಹೋದ ಕೂಡಲೇ ಏನು ಮಾಡಬೇಕು? ಕೂರಬೇಕು. ಅಜ್ಜಿಯ ಹೆಸರು ಕೇಳಿ, ತವರು ಯಾವುದು ಅಂತ ಕೇಳಿ. ಮನೆಯಲ್ಲಿ ನೋಡಿಕೊಳ್ಳುತ್ತಿರುವವರು ಯಾರು ಅಂತ ಗಮನಿಸಿ. ಸಾಮಾನ್ಯವಾಗಿ ಅದು ಸೊಸೆ ಅಥವಾ ಮಗಳು. ಅವಳು ಯಾವಾಗ ಕೊನೇ ಸಲ ಮನೆಯಿಂದ ಆಚೆ ಹೋಗಿದ್ದಳು ಅಂತ ಕೇಳಿದರೆ ಉತ್ತರ ಬರಲು ಹೊತ್ತು ಹಿಡಿಯುತ್ತದೆ. ‘ನಾವು ಇಬ್ಬರೂ ಇಲ್ಲೇ ಇರ್ತೀವಮ್ಮ, ನೀನು ಎರಡು ಗಂಟೆ ಹೋಗಿ ಬಾ’ ಅನ್ನಿ. ಅವಳು ಬ್ಯಾಂಕಿಗೆ ಹೋಗಲಿ, ಸಂತೆಗೆ ಹೋಗಲಿ, ತಂಗಿ ಮನೆಗೆ ಹೋಗಲಿ, ಬರೀ ಮಲಗಲಿ. ನನ್ನ ಮಟ್ಟಿಗೆ ಸ್ತ್ರೀ ಸಂಘ ಕೊಡಬಹುದಾದ ಅತಿ ದೊಡ್ಡ ಕಾಣಿಕೆ ಈ ಎರಡು ಗಂಟೆ. ಇದಕ್ಕೆ ಬಜೆಟ್‌ನಲ್ಲಿ ಒಂದು ರೂಪಾಯಿಯೂ ಬೇಕಿಲ್ಲ.

ಹಾಸಿಗೆ ಹಿಡಿದವರಿಗೆ ದೊಡ್ಡ ಶತ್ರು ಬೆನ್ನುಹುಣ್ಣು. ಒಂದೇ ಮಗ್ಗುಲಲ್ಲಿ ಮಲಗಿದ್ದರೆ ಸೊಂಟದ ಹಿಂಭಾಗ, ಪೃಷ್ಠ, ಹಿಮ್ಮಡಿ, ಮೊಣಕೈಗಳಲ್ಲಿ ಚರ್ಮ ಒತ್ತಿ ಕೆಂಪಾಗುತ್ತದೆ. ಕೆಂಪಾದ ಜಾಗವನ್ನು ಬೆರಳಿಂದ ಮೆತ್ತಗೆ ಒತ್ತಿ ಬಿಡಿ. ಕೆಂಪು ಮಾಯವಾಗದೆ ಹಾಗೇ ಉಳಿದರೆ ಹುಣ್ಣು ಶುರುವಾಗುತ್ತಿದೆ ಅಂತ ಅರ್ಥ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಅಲ್ಲಿ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡಬೇಕು. ಆ ಜಾಗವನ್ನು ತಿಕ್ಕಬೇಡಿ, ಎಣ್ಣೆ ಹಾಕಿ ಮಾಲೀಶು ಮಾಡಬೇಡಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಒದ್ದೆ ಬಟ್ಟೆ ಕೂಡಲೇ ತೆಗೆಯಬೇಕು, ಹಾಸಿದ ಬಟ್ಟೆಯಲ್ಲಿ ಸುಕ್ಕು ಇರಬಾರದು. ಚರ್ಮ ಒಡೆದಿದ್ದರೆ ನೀವೇ ಏನೂ ಹಚ್ಚಬೇಡಿ, ಆರೋಗ್ಯ ಕೇಂದ್ರದ ನರ್ಸ್‌ಗೆ ತಿಳಿಸಿ.

ಇಲ್ಲೇ ತಬಿಥಾಳ ಕೆಲಸ ಬರುತ್ತದೆ. ಮನೆಯಲ್ಲಿರುವ ಹಳೇ ಕಾಟನ್ ಸೀರೆಗಳಿಂದ ಇವರಿಗೆ ಗೌನು ಹೊಲಿಯಿರಿ. ಅಂಗಡಿಯ ನೈಟಿ ತಲೆಯ ಮೇಲಿಂದ ಹಾಕಬೇಕು. ಎದ್ದು ಕೂರಲಾಗದವರಿಗೆ ಅದು ಹಿಂಸೆ. ಬೆನ್ನಿನ ಕಡೆ ಪೂರ್ತಿ ಸೀಳಿರುವ, ತೋಳು ಅಗಲವಾಗಿರುವ ಗೌನು ಆದರೆ ಮುಂದಿನಿಂದ ತೋಳು ಹಾಕಿ ಎರಡೂ ಬದಿ ಸಿಕ್ಕಿಸಿದರೆ ಮುಗಿಯಿತು, ಮೈ ಎತ್ತಬೇಕಿಲ್ಲ. ಗುಂಡಿ ಇಡಬೇಡಿ, ಬೆನ್ನಿಗೆ ಒತ್ತುತ್ತದೆ. ಕುತ್ತಿಗೆಯ ಬದಿಯಲ್ಲಿ ಒಂದು ಲಾಡಿ ಸಾಕು. ಹೊಲಿಗೆಯ ಅಂಚು ಒಳಗಡೆ ದಪ್ಪ ಬರದಂತೆ ನೋಡಿಕೊಳ್ಳಿ. ಒಬ್ಬರಿಗೆ ಕನಿಷ್ಠ ನಾಲ್ಕು ಬೇಕು, ಮಳೆಗಾಲದಲ್ಲಿ ಒಣಗುವುದಿಲ್ಲ. ಮಿಕ್ಕ ತುಂಡುಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದರೆ ಕೆಳಗೆ ಹಾಸುವ ಪ್ಯಾಡ್ ಆಗುತ್ತದೆ. ಸಂಘದ ತಿಂಗಳ ಕೂಟದಲ್ಲಿ ಅರ್ಧ ಗಂಟೆ ಇದಕ್ಕೆ ಇಟ್ಟರೆ, ಮನೆಭೇಟಿಗೆ ಬರಲಾಗದ ವಯಸ್ಸಾದ ಸದಸ್ಯರಿಗೂ ಕೆಲಸ ಸಿಗುತ್ತದೆ.

ಇನ್ನೊಂದು ಉಪಯೋಗದ ಸಂಗತಿ: ಸಾಮಾನುಗಳ ಎರವಲು. ಮನೆಯಲ್ಲಿ ಹಿರಿಯರು ತೀರಿಕೊಂಡ ಮೇಲೆ ವೀಲ್‌ಚೇರ್, ವಾಕರ್, ಕಮೋಡ್ ಚೇರ್, ಏರ್ ಬೆಡ್ ಅಟ್ಟದ ಮೇಲೆ ಧೂಳು ತಿನ್ನುತ್ತಿರುತ್ತವೆ. ಭಾನುವಾರ ಆರಾಧನೆಯ ಕೊನೆಯಲ್ಲಿ ಕೇಳಿ, ಬರುತ್ತವೆ. ತೊಳೆದು, ರಿಪೇರಿ ಮಾಡಿಸಿ, ಒಂದು ರಿಜಿಸ್ಟರ್ ಇಟ್ಟು ಬೇಕಾದವರಿಗೆ ಕೊಡಿ. ಅಡ್ವಾನ್ಸ್ ಕೇಳಬೇಡಿ, ಸಹಿ ಸಾಕು. ಯಾವ ಜಾತಿ ಯಾವ ಧರ್ಮ ಅಂತ ಆ ರಿಜಿಸ್ಟರ್‌ನಲ್ಲಿ ಕಾಲಂ ಇರಬಾರದು.

ಕಾಗದಪತ್ರದ ಸೇವೆ

ಮನೆಭೇಟಿ ಶುರುವಾದ ಕೆಲವೇ ವಾರಗಳಲ್ಲಿ ಗೊತ್ತಾಗುತ್ತದೆ: ಪಿಂಚಣಿ ಬರಬೇಕಾದವರಿಗೆ ಬರುತ್ತಿಲ್ಲ. 65 ವರ್ಷ ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ, ಗಂಡನಿಲ್ಲದವರಿಗೆ ವಿಧವಾ ವೇತನ, ಅಂಗವಿಕಲರಿಗೆ ಅವರದೇ ಪಿಂಚಣಿ ಇದೆ. ಅರ್ಜಿ ಹೋಗಬೇಕಾದದ್ದು ನಾಡಕಚೇರಿಗೆ. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಫೋಟೋ, ವಿಧವಾ ವೇತನಕ್ಕಾದರೆ ಗಂಡನ ಮರಣ ಪ್ರಮಾಣಪತ್ರ ಜೊತೆಗಿರಲಿ. ಮೂಲ ಕಾಗದಗಳನ್ನು ನಿಮ್ಮ ಮನೆಗೆ ತಗೊಂಡು ಹೋಗಬೇಡಿ. ಅವರ ಎದುರಿಗೇ ಜೆರಾಕ್ಸ್ ಮಾಡಿಸಿ ಅಲ್ಲೇ ಹಿಂದಿರುಗಿಸಿ.

ಬರುತ್ತಿದ್ದ ಪಿಂಚಣಿ ನಿಂತುಹೋಗಿದ್ದರೆ ಹೆಚ್ಚಾಗಿ ಕಾರಣ ಸಣ್ಣದು. ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ, ಹೆಸರಿನ ಅಕ್ಷರ ಎರಡು ಕಡೆ ಎರಡು ಥರ ಇರುತ್ತದೆ, ಇಲ್ಲವೇ ಸವೆದ ಬೆರಳು ಯಂತ್ರದ ಮೇಲೆ ಮೂಡುವುದಿಲ್ಲ. ಕೂಲಿ ಮಾಡಿ ಬೆರಳು ಸವೆಸಿದವರಿಗೆ ಈ ಕೊನೆಯದು ತುಂಬಾ ಸಾಮಾನ್ಯ. ಕೈ ಚೆನ್ನಾಗಿ ತೊಳೆದು ಒರೆಸಿ ಬೇರೆ ಬೆರಳು ಇಟ್ಟು ನೋಡಿ. ಅದೂ ಆಗದಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಮತ್ತು ಕಣ್ಣಿನ ಗುರುತು ಹೊಸದಾಗಿ ಕೊಡಿಸಬೇಕು. ಅಜ್ಜಿ ಒಬ್ಬರೇ ಹೋದರೆ ‘ಆಗಲ್ಲ, ನಾಳೆ ಬನ್ನಿ’ ಅಂತ ಕಳಿಸಿಬಿಡುತ್ತಾರೆ. ಜೊತೆಗೆ ಓದಿದ ಹೆಂಗಸು ಒಬ್ಬರು ಶಾಂತವಾಗಿ ನಿಂತು ‘ಯಾವ ಕಾಗದ ಕಮ್ಮಿ ಇದೆ, ಬರೆದು ಕೊಡಿ ಸಾರ್’ ಅಂದರೆ ಕೆಲಸ ಮುಂದೆ ಹೋಗುತ್ತದೆ. ತಿಂಗಳಿಗೆ ಬರುವ ಈ ಪಿಂಚಣಿ ನಮಗೆ ಸಣ್ಣದು ಅನಿಸಬಹುದು. ಒಂಟಿ ಹೆಂಗಸಿಗೆ ಅದು ತಿಂಗಳ ಅಕ್ಕಿ, ಬೇಳೆ, ಬಿಪಿ ಮಾತ್ರೆ.

ಟಿಬಿ ರೋಗಿಗಳಿಗೆ ಆಹಾರದ ಬುಟ್ಟಿ

ಎರಡನೇ ವರ್ಷ ಇನ್ನೊಂದು ಕೆಲಸ ಸೇರಿಸುವ ಶಕ್ತಿ ಇದ್ದರೆ ಇದನ್ನು ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪ್ರಧಾನಮಂತ್ರಿ ಟಿಬಿ ಮುಕ್ತ ಭಾರತ ಅಭಿಯಾನದಲ್ಲಿ ಯಾವುದೇ ಸಂಘ ‘ನಿಕ್ಷಯ ಮಿತ್ರ’ ಆಗಿ ನೋಂದಾಯಿಸಿಕೊಳ್ಳಬಹುದು. ನೀವು ಒಪ್ಪಿಕೊಂಡ ರೋಗಿಗಳಿಗೆ ಕನಿಷ್ಠ ಆರು ತಿಂಗಳು ಆಹಾರದ ಬುಟ್ಟಿ ಕೊಡಬೇಕು. ದೊಡ್ಡವರಿಗೆ ತಿಂಗಳಿಗೆ ಸೂಚಿಸಿರುವುದು ಸುಮಾರು 3 ಕೆ.ಜಿ. ಧಾನ್ಯ, 1.5 ಕೆ.ಜಿ. ಬೇಳೆಕಾಳು, 250 ಗ್ರಾಂ ಅಡುಗೆ ಎಣ್ಣೆ, 1 ಕೆ.ಜಿ. ಹಾಲಿನ ಪುಡಿ ಅಥವಾ ಕಡಲೆಬೀಜ. ರೋಗಿಯ ಒಪ್ಪಿಗೆ ಇಲ್ಲದೆ ಹೆಸರು ಸಿಗುವುದಿಲ್ಲ. ಹಾಗೇ ಇರಬೇಕು ಕೂಡ. ತಾಲೂಕು ಆಸ್ಪತ್ರೆಯ ಟಿಬಿ ವಿಭಾಗದಲ್ಲಿ ಕೇಳಿದರೆ ದಾರಿ ಹೇಳುತ್ತಾರೆ. ಸಹಾಯವಾಣಿ 1800-11-6666.

ನಮ್ಮ ಹೆಂಗಸರಿಗೆ ಭಯ ಇರುತ್ತದೆ, ನಮಗೂ ಅಂಟಿದರೆ ಅಂತ. ಸಾಮಾನ್ಯ ಟಿಬಿ ಇರುವವರು ಸರಿಯಾಗಿ ಮಾತ್ರೆ ನುಂಗಲು ಶುರು ಮಾಡಿ ಕೆಲವು ವಾರ ಕಳೆದ ಮೇಲೆ ಅವರಿಂದ ಹರಡುವ ಸಾಧ್ಯತೆ ತುಂಬಾ ಕಡಿಮೆ. ಬಾಗಿಲಲ್ಲಿ ಬುಟ್ಟಿ ಇಟ್ಟು ಓಡಿ ಬರಬೇಡಿ. ಬಯಲಲ್ಲಿ ಕೂತು ಮಾತಾಡಿ. ಅವರು ಮಾತ್ರೆ ನಡುವೆ ಬಿಡದಂತೆ ನೋಡಿಕೊಳ್ಳುವುದು ಆಹಾರದಷ್ಟೇ ಮುಖ್ಯ. ಅಕ್ಕಪಕ್ಕದವರಿಗೆ ರೋಗದ ಹೆಸರು ಗೊತ್ತಾಗಬಾರದು. ಆದ್ದರಿಂದ ಚೀಲದ ಮೇಲೆ ಸಂಘದ ಹೆಸರು, ಅಭಿಯಾನದ ಹೆಸರು ಏನೂ ಬೇಡ.

ನಂಬಿಕೆಯನ್ನು ಎಲ್ಲಿ ಇಡುವುದು

ನಾವು ಹೋಗುವುದೇ ಕ್ರಿಸ್ತನ ಪ್ರೀತಿಗಾಗಿ. ಅದನ್ನು ಮುಚ್ಚಿಡಬೇಕಿಲ್ಲ. ಕೇಳಿದವರಿಗೆ ಯಾವ ಸಭೆಯವರು ಅಂತ ನೇರವಾಗಿ ಹೇಳಿ. ಆದರೆ ಸಹಾಯಕ್ಕೆ ಷರತ್ತು ಇರಬಾರದು, ಷರತ್ತಿನ ನೆರಳೂ ಇರಬಾರದು. ಅಕ್ಕಿ ಚೀಲದಲ್ಲಿ ಕರಪತ್ರ ಹಾಕಬೇಡಿ. ‘ಭಾನುವಾರ ಬನ್ನಿ’ ಅಂತ ಪಿಂಚಣಿ ಅರ್ಜಿ ಬರೆದುಕೊಡುವ ಹೊತ್ತಲ್ಲಿ ಹೇಳಬೇಡಿ. ‘ಬೇಡ’ ಅನ್ನುವ ಶಕ್ತಿ ಇಲ್ಲದವರ ಎದುರು ಪ್ರಾರ್ಥನೆ ಶುರು ಮಾಡುವುದು ಪ್ರೀತಿಯಲ್ಲ. ಅವರಾಗಿಯೇ ಕೇಳಿದರೆ ಮೆಲ್ಲಗೆ, ಚಿಕ್ಕದಾಗಿ ಪ್ರಾರ್ಥಿಸಿ. ಆಸ್ಪತ್ರೆ ವಾರ್ಡ್‌ನಲ್ಲಿ ಪಕ್ಕದ ಹಾಸಿಗೆಯವರಿಗೂ ಕಿವಿ ಇದೆ ಅನ್ನುವುದು ನೆನಪಿರಲಿ. ಅಲ್ಲಿಗೆ ಹೋಗಲು ವೈದ್ಯಾಧಿಕಾರಿಯ ಲಿಖಿತ ಅನುಮತಿ ತಗೊಳ್ಳಿ.

ಕಾನೂನಿನ ವಿಷಯವೂ ಗೊತ್ತಿರಲಿ. 2022ರ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಆಮಿಷ ಒಡ್ಡಿ ಮತಾಂತರ ಮಾಡುವುದನ್ನು ಅಪರಾಧ ಎಂದಿತು. ಉಡುಗೊರೆ, ಹಣ, ಉಚಿತ ಶಿಕ್ಷಣ ಕೂಡ ಅದರ ಆಮಿಷದ ವ್ಯಾಖ್ಯೆಯಲ್ಲಿ ಬರುತ್ತವೆ. 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಕಾನೂನು ಯಾವ ಕಡೆ ಹೋದರೂ ಸಂಘದ ನಿಯಮ ಒಂದೇ ಆಗಿರಲಿ. ಷರತ್ತಿಲ್ಲದೆ ಕೊಟ್ಟವರಿಗೆ ಯಾವ ಪ್ರಶ್ನೆಗೂ ಉತ್ತರ ಹೇಳುವುದು ಕಷ್ಟವಾಗುವುದಿಲ್ಲ. ಯಾರಾದರೂ ಬಂದು ಜೋರು ಮಾಡಿದರೆ ವಾದಕ್ಕೆ ನಿಲ್ಲಬೇಡಿ. ಸೇವೆ ಪಡೆದ ಮನೆಯವರೇ, ನಿಮ್ಮ ಜೊತೆ ಓಡಾಡಿದ ಆಶಾ ಕಾರ್ಯಕರ್ತೆಯೇ ನಿಮ್ಮ ಪರ ಮಾತಾಡುತ್ತಾರೆ.

ಫೋಟೋ ಬಗ್ಗೆ ಒಂದೇ ಮಾತು: ಸಹಾಯ ಪಡೆಯುವವರ ಮುಖ ಯಾವ ವಾಟ್ಸಾಪ್ ಗುಂಪಿಗೂ ಹೋಗಬಾರದು. ವರದಿಗೆ ಬೇಕಿದ್ದರೆ ಹೊಲಿದ ಗೌನುಗಳ ಫೋಟೋ ಹಾಕಿ.

ದುಡ್ಡು

ಮಿಜೋರಾಂನ ಸಭೆಗಳ ಹೆಂಗಸರು 1910ರಿಂದ ಒಂದು ಪದ್ಧತಿ ನಡೆಸಿಕೊಂಡು ಬಂದಿದ್ದಾರೆ. ಅಡುಗೆಗೆ ಅಕ್ಕಿ ತೆಗೆಯುವಾಗೆಲ್ಲ ಒಂದು ಹಿಡಿ ಬೇರೆ ಡಬ್ಬಿಗೆ ಹಾಕುತ್ತಾರೆ. ಆ ಅಕ್ಕಿಯನ್ನು ಕೂಡಿಸಿ ಮಾರಿ ಅಲ್ಲಿನ ಮಿಷನ್ ಕೆಲಸಕ್ಕೆ ದೊಡ್ಡ ಆಧಾರ ಮಾಡಿಕೊಂಡಿದ್ದಾರೆ. ನಮ್ಮ ಸಂಘಗಳೂ ಹಿಡಿ ಅಕ್ಕಿಯಿಂದ ಶುರು ಮಾಡಬಹುದು. ನಾವು ಅದನ್ನು ಮಾರಬೇಕಂತಲೂ ಇಲ್ಲ. ಕೂಡಿದ ಅಕ್ಕಿ ನೇರವಾಗಿ ನೀವು ಹೋಗುವ ಮನೆಗೇ ಹೋಗಲಿ. ಸುಗ್ಗಿ ಹಬ್ಬದ ಹರಾಜಿನಲ್ಲಿ ಸಂಘದ ಒಂದು ಮೇಜು, ಕ್ರಿಸ್‌ಮಸ್‌ಗೆ ಮುಂಚೆ ರೋಸ್ ಕುಕೀಸ್, ಚಕ್ಕುಲಿ, ಉಪ್ಪಿನಕಾಯಿ ಮಾರಾಟ ಇವೆಲ್ಲ ಗೊತ್ತಿರುವ ದಾರಿಗಳೇ.

ಖಜಾಂಚಿಯ ಸ್ವಂತ ಫೋನ್‌ಪೇ ನಂಬರಿಗೆ ಕಾಣಿಕೆ ಹಾಕಿಸಬೇಡಿ. ಅವರು ಎಷ್ಟೇ ಪ್ರಾಮಾಣಿಕರಾದರೂ ವರ್ಷದ ಕೊನೆಯಲ್ಲಿ ಮನೆ ಖರ್ಚು, ಸಂಘದ ಖರ್ಚು ಬಿಡಿಸುವುದು ಅವರಿಗೇ ಕಷ್ಟ. ಸಂಘದ ಹೆಸರಲ್ಲಿ ಖಾತೆ, ಎರಡು ಸಹಿ, ಪ್ರತಿ ಖರ್ಚಿಗೂ ಚೀಟಿ ಇರಬೇಕು. ಮೂರು ತಿಂಗಳಿಗೊಮ್ಮೆ ಲೆಕ್ಕವನ್ನು ಸಭೆಯ ನೋಟೀಸ್ ಬೋರ್ಡಿಗೆ ಹಾಕಿ.

ವಿದೇಶದ ದುಡ್ಡಿನ ವಿಷಯದಲ್ಲಿ ಎಚ್ಚರ ಬೇಕು. ದುಬೈ, ಮಸ್ಕತ್‌ನಲ್ಲಿರುವ ನಮ್ಮ ಮಕ್ಕಳು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದು, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಮೆರಿಕ, ಇಂಗ್ಲೆಂಡ್ ಪೌರತ್ವ ತಗೊಂಡವರು ಕಳಿಸಿದರೆ ಆಗುತ್ತದೆ. ಸ್ವಂತ ಅಣ್ಣನ ಮಗಳೇ ಆಗಿರಲಿ, ಸಂಘಕ್ಕೆ ಅಂತ ಕಳಿಸಿದ ಆ ಹಣವನ್ನು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದೆ ತಗೊಳ್ಳುವಂತಿಲ್ಲ. ‘ಸಣ್ಣ ಮೊತ್ತ ತಾನೇ’ ಅಂದುಕೊಳ್ಳಬೇಡಿ. ಮೊದಲು ಧರ್ಮಪ್ರಾಂತದ (ಬಿಷಪ್ಪರ) ಕಚೇರಿಯಲ್ಲಿ ಕೇಳಿ.

ಕಿವಿಗೆ ಬಿದ್ದ ಕಷ್ಟಗಳು

ವಾರವಾರ ಹೋಗುವ ಮನೆಯಲ್ಲಿ ಒಂದು ದಿನ ಸೊಸೆ ತೋಳಿನ ಮೇಲಿನ ಬಾಸುಂಡೆ ತೋರಿಸುತ್ತಾಳೆ. ಆಗ ‘ಸಹಿಸಿಕೋ, ಪ್ರಾರ್ಥನೆ ಮಾಡು’ ಅಂತ ಹೇಳಿ ಬರುವುದು ದೊಡ್ಡ ಅನ್ಯಾಯ. ಎಷ್ಟೋ ವರ್ಷ ನಮ್ಮ ಸಭೆಗಳಲ್ಲಿ ಹೆಂಗಸರಿಗೆ ಹೆಂಗಸರೇ ಇದನ್ನು ಹೇಳಿದ್ದಾರೆ. ನಂಬಿ ಕೇಳಿಸಿಕೊಳ್ಳಿ. ಗಂಡನ ಹತ್ತಿರ ನೀವೇ ಹೋಗಿ ಬುದ್ಧಿ ಹೇಳಬೇಡಿ. ನೀವು ಎದ್ದು ಬಂದ ಮೇಲೆ ಏಟು ತಿನ್ನುವವಳು ಅವಳು. ಮಹಿಳಾ ಸಹಾಯವಾಣಿ 181 ಅವಳಿಗೆ ಬಾಯಿಪಾಠ ಆಗಲಿ. ತುರ್ತಿಗೆ 112. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಅವಳಿಗೆ ರಕ್ಷಣೆ ಇದೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ತಾಲೂಕು ಕಚೇರಿಗೆ ಅವಳು ಹೋಗುವುದಾದರೆ ಜೊತೆಗೆ ಹೋಗಿ. ಯಾವಾಗ ಹೋಗಬೇಕು ಅನ್ನುವ ನಿರ್ಧಾರ ಅವಳದು.

ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯದಲ್ಲಿ ಹಾಗಲ್ಲ. ಅಲ್ಲಿ ತಿಳಿದವರು ದೂರು ಕೊಡಲೇಬೇಕು ಅಂತ ಪೋಕ್ಸೋ ಕಾಯ್ದೆ ಹೇಳುತ್ತದೆ. ಮನೆಯ ಮಾನ, ಸಭೆಯ ಮಾನ ಯಾವುದೂ ಅಡ್ಡ ಬರಬಾರದು. ಮಕ್ಕಳ ಸಹಾಯವಾಣಿ 1098. ಒಂಟಿಯಾಗಿರುವ, ಮನೆಯವರೇ ಕೈಬಿಟ್ಟ ವೃದ್ಧರಿಗೆ 14567. ಮನಸ್ಸು ಕುಸಿದವರಿಗೆ ಟೆಲಿ ಮಾನಸ್ 14416. ಈ ನಂಬರುಗಳನ್ನು ಪ್ರತಿ ಜೋಡಿಯ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದಿಡಿ.

ಆ ಮನೆಗಳಲ್ಲಿ ಕೇಳಿದ್ದು ಪ್ರಾರ್ಥನಾ ಕೂಟದಲ್ಲಿ ‘ಇಂಥವರಿಗಾಗಿ ಪ್ರಾರ್ಥಿಸೋಣ’ ಅಂತ ಹೆಸರು ಸಮೇತ ಬರಬಾರದು. ದೇವರಿಗೆ ಹೆಸರು ಗೊತ್ತಿದೆ.

ಬೇರೆ ಸಭೆಗಳ ಜೊತೆ

ಮಾರ್ಚ್ ತಿಂಗಳ ಮೊದಲ ಶುಕ್ರವಾರ ವಿಶ್ವ ಪ್ರಾರ್ಥನಾ ದಿನಕ್ಕೆ ಊರಿನ ಬೇರೆ ಬೇರೆ ಸಭೆಗಳ ಹೆಂಗಸರು ಒಂದೇ ಕಡೆ ಸೇರುತ್ತಾರೆ. ಕಾಫಿ ಕುಡಿದು ಚದುರುವ ಮುಂಚೆ ಹತ್ತು ನಿಮಿಷ ಕೇಳಿಕೊಳ್ಳಿ. ಯಾವ ಬೀದಿ ಯಾರು ನೋಡಿಕೊಳ್ಳುತ್ತಿದ್ದಾರೆ, ಯಾರ ಹತ್ತಿರ ವೀಲ್‌ಚೇರ್ ಇದೆ, ಯಾವ ಸಭೆಯಲ್ಲಿ ನರ್ಸ್ ಇದ್ದಾರೆ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡರೆ ಎಲ್ಲರಿಗೂ ಉಪಯೋಗ.

ಪದಾಧಿಕಾರಿಗಳು ಬದಲಾದಾಗ

ಒಳ್ಳೆಯ ಕೆಲಸಗಳು ಹೆಚ್ಚಾಗಿ ನಿಲ್ಲುವುದು ಇಲ್ಲಿ. ಹೊಸ ಕಾರ್ಯದರ್ಶಿ ಬರುತ್ತಾರೆ, ಹೊಸ ಯೋಜನೆ ತರುತ್ತಾರೆ, ಹಳೇ ಮನೆಗಳಿಗೆ ಹೋಗುವವರೇ ಇರುವುದಿಲ್ಲ. ಇದನ್ನು ಮೊದಲೇ ತಡೆಯಬೇಕು. ಮನೆಭೇಟಿಯ ಜೋಡಿಗಳನ್ನು ಚುನಾವಣೆಗೆ ಸೇರಿಸಬೇಡಿ, ಪದಾಧಿಕಾರಿಗಳು ಬದಲಾದರೂ ಜೋಡಿಗಳು ಹಾಗೇ ಮುಂದುವರಿಯಲಿ. ಪ್ರತಿ ಮನೆಗೊಂದು ಪುಟ ಇಟ್ಟು, ನೋಡಿಕೊಳ್ಳುವವರ ಫೋನ್ ನಂಬರು, ನಡೆಯುತ್ತಿರುವ ಮಾತ್ರೆ, ಅರ್ಜಿ ಎಲ್ಲಿಗೆ ಬಂತು, ಎರವಲು ಕೊಟ್ಟ ಸಾಮಾನು, ಮುಂದಿನ ಭೇಟಿಯ ದಿನ ಬರೆಯಿರಿ. ಆ ಪುಸ್ತಕ ಬೀಗ ಹಾಕಿದ ಕಪಾಟಿನಲ್ಲಿರಲಿ. ಜೋಡಿಯಲ್ಲಿ ಒಬ್ಬರು ಬಿಡುವುದಾದರೆ ಹೊಸಬರು ಬಂದ ಮೇಲೆ ಎರಡು ತಿಂಗಳು ಮೂವರೂ ಒಟ್ಟಿಗೆ ಹೋಗಲಿ. ‘ಅಜ್ಜಿ, ಇನ್ಮೇಲೆ ನನ್ನ ಬದಲು ಇವರು ಬರ್ತಾರೆ’ ಅಂತ ಹಳಬರೇ ಹೇಳಿ, ಅಜ್ಜಿಗೆ ಆ ಮುಖ ಅಭ್ಯಾಸ ಆದ ಮೇಲೆ ಹಿಂದೆ ಸರಿಯಲಿ.